ಯಾರಿಗಿಂತ ಯಾರು

ತಪ್ಪು ನನ್ನದೇ. ಕಾರ್ತ್ಯಾಯನಿ ಚೇಚಿಯನ್ನೂ ಪಂಕಜಾಕ್ಷಿ ಚೇಚಿಯನ್ನೂ ಅಕ್ಕಪಕ್ಕ ನಿಲ್ಲಿಸಿ, ಇವರಲ್ಲಿ ಯಾರು ಎತ್ತರ ಎಂದು ಕೇಳಿದವಳು ನಾನು. ವಾಡಾನಪ್ಪಳ್ಳಿಯಲ್ಲಿ ಹುಟ್ಟಿ ಬೆಳೆದವರು ಯಾರೂ ಆ ಕೆಲಸಕ್ಕೆ ಕೈ ಹಾಕುತ್ತಿರಲಿಲ್ಲ. ನಾನು ಕೊಡುಂಗಲ್ಲೂರಿನವಳು, ಮದುವೆಯಾಗಿ ಇಲ್ಲಿಗೆ ಬಂದು ಎರಡು ವರ್ಷವೂ ತುಂಬಿರಲಿಲ್ಲ.

ವಾರದ ದಿನಗಳಲ್ಲಿ ನಾನು ಟ್ಯುಟೋರಿಯಲ್ಲಿನಲ್ಲಿ ಇಂಗ್ಲಿಷ್ ಕಲಿಸುತ್ತಿದ್ದೆ. ಭಾನುವಾರ ಹೈಸ್ಕೂಲಿನ ಒಂದು ಕೋಣೆಯಲ್ಲಿ, ಚಿಕ್ಕಂದಿನಲ್ಲೇ ಓದು ಬಿಟ್ಟವರನ್ನು ಹತ್ತನೇ ತರಗತಿಯ ಪರೀಕ್ಷೆಗೆ ಕೂರಿಸುವ ಕ್ಲಾಸು ನಡೆಯುತ್ತಿತ್ತು. ಅಲ್ಲಿಯೂ ಇಂಗ್ಲಿಷ್ ನನ್ನ ಪಾಲಿಗೇ ಬಂತು. ಮೊದಲ ವಾರ ಇಪ್ಪತ್ತಾರು ಜನ ಹೆಸರು ಬರೆಸಿದ್ದರು. ಓಣಂ ಕಳೆಯುವಷ್ಟರಲ್ಲಿ ಹನ್ನೊಂದು ಜನ ಉಳಿದರು. ದೊಡ್ಡವರನ್ನೆಲ್ಲ ನಾನು ಚೇಚಿ ಎಂದರೆ ಅಕ್ಕ, ಚೇಟ್ಟನ್ ಎಂದರೆ ಅಣ್ಣ ಎಂದು ಕರೆಯುತ್ತಿದ್ದೆ; ಅವರಿಗೆ ನಾನು ಟೀಚರ್, ಇಲ್ಲವೇ ಮೋಳೇ, ಮಗಳು. ಎಲ್ಲರಿಗಿಂತ ಹಿರಿಯರು ಅರವತ್ತೆಂಟರ ದೇವಸ್ಸಿ ಚೇಟ್ಟನ್. ಮೂವತ್ತು ವರ್ಷ ಶೇಂದಿ ಅಂಗಡಿಯಲ್ಲಿ ಅಡುಗೆ ಮಾಡಿದವರು. ಈ ವಯಸ್ಸಿನಲ್ಲಿ ಯಾಕೆ ಬಂದಿರಿ ಎಂದು ಕೇಳಿದ್ದಕ್ಕೆ, "ಭಾನುವಾರ ಚರ್ಚಿಂದ ಬಂದ್ಮೇಲೂ ನನ್ ಹೆಂಡ್ತಿ ಮನೇಲಿ ಇನ್ನೊಂದು ಪ್ರಾರ್ಥನೆ ಇಟ್ಕೊಳ್ತಾಳೆ ಟೀಚರೇ. ಅದು ಮುಗಿಯೋದೇ ಇಲ್ಲ. ಇಲ್ಲಾದ್ರೆ ಗಂಟೆ ಹೊಡೀತಾರೆ" ಎಂದಿದ್ದರು.

ಕಾರ್ತ್ಯಾಯನಿ ಚೇಚಿ ಅಂಗನವಾಡಿಯಲ್ಲಿ ಸಹಾಯಕಿಯಾಗಿದ್ದು ನಿವೃತ್ತರಾದವರು. ಬಾಗಿಲ ಪಕ್ಕದ ಮೊದಲ ಬೆಂಚು ಅವರದು. ಪಂಕಜಾಕ್ಷಿ ಚೇಚಿ ಮನೆಯ ಜಗಲಿಯಲ್ಲಿ ಮೂರು ಹೊಲಿಗೆ ಯಂತ್ರ ಇಟ್ಟುಕೊಂಡು ನೈಟಿ ಹೊಲಿಸುತ್ತಿದ್ದರು. ಕಿಟಕಿ ಪಕ್ಕದ ಕೊನೆಯ ಬೆಂಚು ಇವರದು. ಅದೇ ಮೂಗು, ಅದೇ ಗಲ್ಲ, ಬೇಸರವಾದಾಗ ಕೆಳತುಟಿ ಮುಂದೆ ಬರುವುದೂ ಅದೇ ರೀತಿ. ಇಷ್ಟೆಲ್ಲ ಕಂಡಿದ್ದರೂ ನನಗೆ ಹೊಳೆಯಲಿಲ್ಲ. ಹಾಜರಿ ಪುಸ್ತಕದಲ್ಲಿ ಗಂಡಂದಿರ ಹೆಸರು ಬೇರೆ ಬೇರೆ ಇತ್ತು, ಅಷ್ಟೇ ನೋಡಿದ್ದೆ.

ಆ ದಿನದ ಪಾಠ, ಹೋಲಿಕೆಯ ಮೂರು ಮೆಟ್ಟಿಲು. ಎತ್ತರ, ಅದಕ್ಕಿಂತ ಎತ್ತರ, ಎಲ್ಲಕ್ಕಿಂತ ಎತ್ತರ. ಪರೀಕ್ಷೆಯಲ್ಲಿ ಇದರ ಮೇಲೆ ಪ್ರಶ್ನೆ ಬಂದೇ ಬರುತ್ತದೆ. ಪುಸ್ತಕದಲ್ಲಿ ಗೋಪಾಲ, ರವಿ ಎಂಬ ಇಬ್ಬರ ಎತ್ತರದ ಮೇಲೆ ಎರಡು ಪುಟ ಇತ್ತು. ಹನ್ನೊಂದು ಜನಕ್ಕೂ ಆಕಳಿಕೆ ಬಂತು. ಗೋಪಾಲ ರವಿಯನ್ನು ಬಿಟ್ಟು ಕಣ್ಣೆದುರಿಗೆ ಇರುವವರನ್ನೇ ತೋರಿಸೋಣ ಎಂದುಕೊಂಡು, ಹೆಚ್ಚು ಕಡಿಮೆ ಒಂದೇ ಎತ್ತರದ ಇಬ್ಬರನ್ನು ಕರೆದು ಕರಿಹಲಗೆಯ ಮುಂದೆ ನಿಲ್ಲಿಸಿದೆ.

"ಕಾರ್ತ್ಯಾಯನಿ ಈಸ್ ಟಾಲರ್ ದ್ಯಾನ್ ಪಂಕಜಾಕ್ಷಿ" ಎಂದೆ.

ದೇವಸ್ಸಿ ಚೇಟ್ಟನ್ ಸುಮ್ಮನೆ ಕೆಮ್ಮಿದರು.

ಪಂಕಜಾಕ್ಷಿ ಚೇಚಿ ತಣ್ಣಗೆ ಕೇಳಿದರು. "ಟೀಚರ್ ಹೇಳಿದ್ದು ಚಪ್ಪಲಿ ಸೇರ್ಸಿನೋ, ಚಪ್ಪಲಿ ಬಿಟ್ಟೋ?"

"ಅದು ಬರೀ ಉದಾಹರಣೆ ಚೇಚಿ."

"ಉದಾಹರಣೆ ಆದ್ರೂ ನಿಜ ಇರ್ಬೇಕಲ್ವಾ ಮೋಳೇ." ಹಾಗೆಂದವರೇ ಚಪ್ಪಲಿ ಬಿಟ್ಟು ಗೋಡೆಗೆ ಬೆನ್ನು ಕೊಟ್ಟು ನಿಂತರು. ಇನ್ನೊಬ್ಬರೂ ಬಿಟ್ಟರು. ನಾನು ಸೀಮೆಸುಣ್ಣದಲ್ಲಿ ಎರಡು ಗೆರೆ ಎಳೆಯಲೇಬೇಕಾಯಿತು. ಪಂಕಜಾಕ್ಷಿ ಚೇಚಿಯ ಗೆರೆ ಒಂದು ಬೆರಳಷ್ಟು ಮೇಲಿತ್ತು.

"ತಲೆ ಅಳೀರಿ, ಚೌರಿ ಅಳೀಬೇಡಿ" ಎಂದರು ಕಾರ್ತ್ಯಾಯನಿ ಚೇಚಿ.

"ನನ್ನ ಕೂದ್ಲು ನನ್ದೇ ಅಂತ ಹೇಳಿ ಟೀಚರೇ. ಕೆಲವರ ಹಾಗೆ ಕಪ್ಪು ಬಳಿದಿದ್ದಲ್ಲ ಅಂತಾನೂ ಹೇಳಿ."

ಗಂಟೆ ಹೊಡೆದದ್ದು ನನ್ನ ಪುಣ್ಯ.

ಆಮೇಲೆ ಜಗಲಿಯಲ್ಲಿ ಹಾಲಿಲ್ಲದ ಕಟ್ಟನ್ ಚಹಾ ಕುಡಿಯುತ್ತಾ ದೇವಸ್ಸಿ ಚೇಟ್ಟನ್ ನನಗೆ ಊರಿನ ಚರಿತ್ರೆ ಹೇಳಿದರು. ಅವರಿಬ್ಬರೂ ಒಡಹುಟ್ಟಿದವರು. ತಾಯಿ ನಾರಾಯಣಿಯಮ್ಮ ಒಂಬತ್ತು ವರ್ಷದ ಹಿಂದೆ ಹಾಸಿಗೆ ಹಿಡಿದಾಗ ಇಬ್ಬರು ಹೆಣ್ಣುಮಕ್ಕಳೂ ಬಂಗುಡೆ ಮೀನಿನ ಸಾರು ಮಾಡಿ ತಂದಿದ್ದರು. ಒಬ್ಬರದು ಮಾವಿನಕಾಯಿ ಹಾಕಿದ್ದು, ಇನ್ನೊಬ್ಬರದು ಕೊಡಂಪುಳಿ ಎಂಬ ಒಣಹುಳಿ ಹಾಕಿದ್ದು. ಮಂಚದ ಆಚೆಗೊಬ್ಬರು ಈಚೆಗೊಬ್ಬರು ಕೂತು ಸರದಿಯಲ್ಲಿ ತುತ್ತು ಕೊಟ್ಟರು. ಮುದುಕಿ ಕಣ್ಣು ಮುಚ್ಚಿಕೊಂಡೇ ಉಂಡು, "ಇದು ಅದಕ್ಕಿಂತ ವಾಸಿ" ಎಂದಿತು. ಮೂರು ದಿನಕ್ಕೆ ತೀರಿಕೊಂಡಿತು.

"ಯಾವುದು ಇದು, ಯಾವುದು ಅದು?" ಎಂದು ಕೇಳಿದೆ.

"ಅದನ್ನೇ ಒಂಬತ್ತು ವರ್ಷದಿಂದ ಕೇಳ್ತಾ ಇದೀವಿ. ಕೊನೇ ತುತ್ತು ನನ್ದು ಅಂತಾರೆ ಇಬ್ರೂ. ಮಾತು ಬಿಟ್ಟಿದ್ದೂ ಅವತ್ತೇ. ಅವರು ಈ ಕ್ಲಾಸಿಗೆ ಸೇರಿದ್ದು ಇವರು ಸೇರಿದ್ರು ಅಂತ, ಇವರು ಸೇರಿದ್ದು ಅವರು ಸೇರಿದ್ರು ಅಂತ. ಮೊದ್ಲು ಸೇರಿದ್ದು ಯಾರು ಅಂತ ಮಾತ್ರ ಆಫೀಸಲ್ಲೂ ಗೊತ್ತಿಲ್ಲ."

"ಇಷ್ಟು ದಿನ ಯಾಕೆ ಹೇಳ್ಲಿಲ್ಲ ಚೇಟ್ಟಾ?"

"ಟೀಚರ್ ಕೇಳ್ಲಿಲ್ಲ."

ಮರುವಾರ ಇಬ್ಬರೂ ಬರುವುದಿಲ್ಲವೇನೋ ಎಂದುಕೊಂಡೇ ಕ್ಲಾಸಿಗೆ ಬಂದೆ. ಆದರೆ ಮೇಜಿನ ಮೇಲೆ ಮನೆಪಾಠದ ಪುಸ್ತಕಗಳು ಕಾಯುತ್ತಿದ್ದವು. ಹೋಲಿಕೆಯ ಐದು ವಾಕ್ಯ ಬರೆದು ತನ್ನಿ ಎಂದಿದ್ದೆ. ಉಳಿದವರು ಗೋಪಾಲ ರವಿಯನ್ನೇ ಹಿಂದುಮುಂದು ಮಾಡಿ ಎರಡು ಮೂರು ಬರೆದಿದ್ದರು. ಮೂರು ತಿಂಗಳಲ್ಲಿ ಒಂದು ಇಡೀ ವಾಕ್ಯ ಬರೆಯಲು ಒದ್ದಾಡಿದ್ದ ಕಾರ್ತ್ಯಾಯನಿ ಚೇಚಿ ಹದಿನಾಲ್ಕು ಬರೆದಿದ್ದರು. ನನ್ನ ತಂಗಿ ನನಗಿಂತ ಹೆಚ್ಚು ಮಾತಾಡುತ್ತಾಳೆ. ನನ್ನ ತಂಗಿಯ ಮನೆ ನನ್ನ ಮನೆಗಿಂತ ಕೊಳಕು. ನನ್ನ ತಂಗಿಗಿಂತ ನನ್ನ ತಂಗಿಯ ಬೆಕ್ಕಿಗೆ ಬುದ್ಧಿ ಹೆಚ್ಚು. ಎಲ್ಲವೂ ಇಂಗ್ಲಿಷಿನಲ್ಲಿ, ಕಾಗುಣಿತ ಬಿಟ್ಟರೆ ಎಲ್ಲವೂ ಸರಿ. ಪಂಕಜಾಕ್ಷಿ ಚೇಚಿ ಹದಿನೇಳು ಬರೆದಿದ್ದರು. ಅದರಲ್ಲಿ ಬೆಕ್ಕು ಇರಲಿಲ್ಲ, ಭಾವ ಇದ್ದರು.

ಇದನ್ನು ಓದಿದವಳು ಒಳ್ಳೆಯ ಟೀಚರ್ ಆಗಿದ್ದರೆ ಇಬ್ಬರನ್ನೂ ಕೂರಿಸಿ ಬುದ್ಧಿ ಹೇಳುತ್ತಿದ್ದಳೇನೋ. ನಾನು ಕೆಂಪು ಪೆನ್ನು ತೆಗೆದು ತಪ್ಪು ತಿದ್ದಿದೆ, ಮುಂದಿನ ವಾರಕ್ಕೆ ಇನ್ನೂ ಹತ್ತು ಕೊಟ್ಟೆ.

ಅಲ್ಲಿಂದ ನಮ್ಮ ಕ್ಲಾಸಿಗೆ ಕಳೆ ಬಂತು. ಇಬ್ಬರೂ ನೇರವಾಗಿ ಮಾತಾಡುತ್ತಿರಲಿಲ್ಲ. ಎದ್ದು ನಿಂತು ನನ್ನ ಮುಖ ನೋಡುತ್ತಾ ಒಂದು ವಾಕ್ಯ ಹೇಳುವರು. ಅದು ನನ್ನ ಕಿವಿಯ ಪಕ್ಕದಲ್ಲೇ ಹಾದು ಇನ್ನೊಂದು ಬೆಂಚಿಗೆ ತಾಗುವುದು.

"ಶೀ ಈಸ್ ಮೋರ್ ಪ್ರೌಡರ್ ದ್ಯಾನ್ ಮೀ" ಎಂದರು ಒಮ್ಮೆ ಪಂಕಜಾಕ್ಷಿ ಚೇಚಿ.

"ಎರಡು ಸಲ ಹೆಚ್ಚು ಮಾಡೋಹಾಗಿಲ್ಲ ಚೇಚಿ. ಮೋರ್ ಬಂದ್ರೆ ಪ್ರೌಡ್. ಇಲ್ಲಾಂದ್ರೆ ಬರೀ ಪ್ರೌಡರ್."

"ಒಂದ್ಸಲ ಹೆಚ್ಚು ಮಾಡಿದ್ರೆ ಅವರಿಗೆ ಸಾಲಲ್ಲ ಮೋಳೇ."

"ನಿಯಮ ಅಂದ್ರೆ ನಿಯಮ" ಎಂದು ಮೊದಲ ಬೆಂಚಿನಿಂದ ಗೋಡೆಗೆ ಹೇಳಿದಂತೆ ಮಾತು ಬಂತು. "ಕೆಲವರಿಗೆ ಇಂಗ್ಲಿಷಲ್ಲೂ ಅಳತೆ ಗೊತ್ತಿಲ್ಲ."

ಇಬ್ಬರೇ ಇರುವಾಗ ಎಲ್ಲಕ್ಕಿಂತ ಎಂಬ ಮೂರನೆಯ ಮೆಟ್ಟಿಲು ಹತ್ತುವಂತಿಲ್ಲ, ಅದಕ್ಕೆ ಮೂವರಾದರೂ ಬೇಕು ಎಂದು ಹೇಳಿದ ದಿನ ಪಂಕಜಾಕ್ಷಿ ಚೇಚಿ ಎದ್ದು ನಿಂತರು. "ಅಂದ್ರೆ ಇಬ್ರೇ ಮಕ್ಳಿರೋ ಮನೇಲಿ ಬೆಸ್ಟ್ ಅನ್ನೋದು ಹುಟ್ಟೋದೇ ಇಲ್ವಾ?" ಎಂದು ಕೇಳಿದರು. ಇಲ್ಲ ಎಂದೆ. "ನಮ್ಮಮ್ಮಂಗೆ ಇನ್ನೊಂದು ಹೆರೋಕೆ ಏನಾಗಿತ್ತು" ಎಂದು ಕೂತರು.

ಅವರಿಗೆ ಎಲ್ಲಕ್ಕಿಂತ ಹಿಡಿಸಿದ್ದು 'ನಾಟ್ ಸೋ' ಎಂಬ ಪ್ರಯೋಗ. ಇವಳಷ್ಟು ಅವಳು ಒಳ್ಳೆಯವಳಲ್ಲ ಎನ್ನುವಾಗ ಕೆಟ್ಟವಳು ಎಂಬ ಮಾತೇ ಬಾಯಿಗೆ ಬರಬೇಕಾಗಿಲ್ಲ. "ಇಷ್ಟು ಮರ್ಯಾದೆಯಾಗಿ ಬೈಯೋಕೆ ಮಲಯಾಳದಲ್ಲಿ ಆಗಲ್ಲ" ಎಂದು ಮೆಚ್ಚಿಕೊಂಡರು. ಬಸ್‌ಸ್ಟ್ಯಾಂಡಿನಲ್ಲಿ ಮೀನು ಮಾರುವವಳ ಹತ್ತಿರವೂ ಅದನ್ನು ಆಡಿ ನೋಡಿದರಂತೆ. ಅವಳು ಅರ್ಥವಾಗದೆ ಎರಡು ಮತ್ತಿ ಮೀನು ಹೆಚ್ಚು ಹಾಕಿದಳಂತೆ.

ನವೆಂಬರಿನಲ್ಲಿ ಮಾದರಿ ಪರೀಕ್ಷೆ ಇಟ್ಟೆ. ಐವತ್ತು ಅಂಕಕ್ಕೆ. ತಿದ್ದುವಾಗ ಪಂಕಜಾಕ್ಷಿ ಚೇಚಿಯ ಹಾಳೆ ನೋಡಿ ಆಶ್ಚರ್ಯವಾಯಿತು. ಮೊದಲ ಪುಟ ಚೆನ್ನಾಗಿತ್ತು. ಎರಡನೆಯದರಲ್ಲಿ ಸಾಲುಗಳು ಒಂದರ ಮೇಲೊಂದು ಹತ್ತಿದ್ದವು. ಮೂರನೆಯದು ಖಾಲಿ. ಅಂಕ ಹದಿನೇಳು. ಕಾರ್ತ್ಯಾಯನಿ ಚೇಚಿಗೆ ಮೂವತ್ತೊಂದು. ಅಭ್ಯಾಸಬಲದಿಂದ ಎಲ್ಲರ ಅಂಕವನ್ನೂ ಗಟ್ಟಿಯಾಗಿ ಓದಿಬಿಟ್ಟೆ. ಇದು ನನ್ನ ಎರಡನೆಯ ತಪ್ಪು.

ಮುಂದಿನ ಭಾನುವಾರ ಕಿಟಕಿ ಪಕ್ಕದ ಬೆಂಚು ಖಾಲಿಯಿತ್ತು. ಅದರ ಮುಂದಿನ ಭಾನುವಾರವೂ.

ಮೊದಲ ವಾರ ಕಾರ್ತ್ಯಾಯನಿ ಚೇಚಿ ಜರಿಯಂಚಿನ ಹೊಸ ಕಸವು ಸೀರೆ ಉಟ್ಟುಕೊಂಡು ಬಂದು ಗೆದ್ದವರ ಹಾಗೆ ಕೂತರು. ಎರಡನೆಯ ವಾರ ಹತ್ತು ವಾಕ್ಯದ ಜಾಗದಲ್ಲಿ ಎರಡು ತಂದರು. ಒಂದು ಗೋಪಾಲನದು, ಇನ್ನೊಂದು ರವಿಯದು. ಕ್ಲಾಸು ಮುಗಿದ ಮೇಲೆ ಎಲ್ಲರೂ ಹೋಗುವವರೆಗೆ ಕಾದು ನನ್ನ ಮೇಜಿನ ಹತ್ತಿರ ಬಂದರು.

"ಏನಾಯ್ತು ಚೇಚಿ? ಯಾಕೆ ಬರೀಲಿಲ್ಲ?"

"ಬರಿಯೋಕೆ ಕೂತೆ ಮೋಳೇ. ನಾನು ಎತ್ತರ, ನಾನು ಜಾಣೆ ಅಂತ ಬರುತ್ತೆ. ದ್ಯಾನ್ ಅನ್ನೋ ತನಕ ಬರುತ್ತೆ. ಅದಾದ್ಮೇಲೆ ಏನ್ ಬರೀಲಿ? ಅವಳೇ ಇಲ್ವಲ್ಲ."

"ಬೇರೆ ಯಾರ ಹೆಸರಾದ್ರೂ ಬರೀಬಹುದು."

"ಬೇರೆಯವ್ರು ನನಗೇನಾಗ್ಬೇಕು?" ಎಂದವರೇ, "ಟೀಚರ್ ಒಂದ್ಸಲ ಹೋಗಿ ನೋಡ್ಬಾರ್ದಾ? ನೋಟ್ಸ್ ಕೊಡೋ ನೆಪದಲ್ಲಿ. ನನ್ ನೋಟ್ಸೇ ತಗೊಂಡ್ಹೋಗಿ" ಎಂದರು.

"ಚೇಚಿಯೂ ಬಂದ್ರೆ ಹೋಗ್ತೀನಿ" ಎಂದೆ. ಇಂಥ ಕೆಲಸಕ್ಕೆ ಒಬ್ಬಳೇ ಹೋಗುವಷ್ಟು ದಡ್ಡತನ ಆಗ ನನ್ನಲ್ಲಿ ಉಳಿದಿರಲಿಲ್ಲ.

ಪಂಕಜಾಕ್ಷಿ ಚೇಚಿ ಜಗಲಿಯಲ್ಲಿ ಯಂತ್ರದ ಮುಂದೆ ಕೂತಿದ್ದರು. ಹೊಲಿಯುವ ಹುಡುಗಿ ಸೂಜಿಗೆ ದಾರ ಪೋಣಿಸಿ ಕೊಡುತ್ತಿದ್ದಳು. ನಮ್ಮನ್ನು ನೋಡಿ ಎದ್ದರು, ಮತ್ತೆ ಕೂತರು.

"ಟೀಚರೇ, ಜೊತೇಲಿ ಬಂದಿರೋರಿಗೆ ಕೂತ್ಕೊಳ್ಳೋಕೆ ಹೇಳಿ. ಈ ಮನೇಲಿ ಕುರ್ಚಿ ಇದೆ."

"ಕುರ್ಚಿ ಇರೋದು ಕಾಣುತ್ತೆ ಅಂತ ಹೇಳಿ ಟೀಚರೇ" ಎಂದು ಕಾರ್ತ್ಯಾಯನಿ ಚೇಚಿ ಕೂತರು. ಸೆರಗಿನಿಂದ ನೋಟ್‌ಬುಕ್ಕು ತೆಗೆದು ಚಾಚಿದರು. "ಎರಡು ವಾರದ ಪಾಠ ಇದೆ. ಬೇಕಾದೋರು ಬರ್ಕೋಬಹುದು."

ಪಂಕಜಾಕ್ಷಿ ಚೇಚಿ ತೆಗೆದುಕೊಂಡು ಬಿಡಿಸಿದರು. ನಿಧಾನಕ್ಕೆ ನಾಲ್ಕು ಪುಟ ತಿರುವಿದರು. ಕೆಳತುಟಿ ಮುಂದೆ ಬಂತು.

"ಅಕ್ಷರ ಪರವಾಗಿಲ್ಲ. ಇಂಗ್ಲಿಷು ತುಂಬ ತಪ್ಪು. ಟೀಚರ್ ತಿದ್ದೋದು ಬಿಟ್ಟಿದೀರಾ?"

ನಾನು ಬಗ್ಗಿ ನೋಡಿದೆ. ಪುಟದ ತುಂಬ ತ್ರಿಕೋನಗಳಿದ್ದವು. ಗಡಿಬಿಡಿಯಲ್ಲಿ ಕಾರ್ತ್ಯಾಯನಿ ಚೇಚಿ ಗಣಿತದ ಪುಸ್ತಕ ತಂದಿದ್ದರು.

ಅಕ್ಕನ ಕಣ್ಣು ಪುಸ್ತಕದಿಂದ ತಂಗಿಯ ಮುಖಕ್ಕೆ ಹೋಯಿತು. ಅಲ್ಲಿಂದ ಸೂಜಿ ಹಿಡಿದಿದ್ದ ಹುಡುಗಿಯ ಕಡೆಗೆ ಹೋಯಿತು.

"ಪಂಕೀ" ಎಂದರು. ಒಂಬತ್ತು ವರ್ಷದಲ್ಲಿ ಆ ಹೆಸರು ಆ ಬಾಯಿಂದ ಬಂದದ್ದು ಅದೇ ಮೊದಲಂತೆ. "ಅದು ಗಣಿತ."

ಪಂಕಜಾಕ್ಷಿ ಚೇಚಿ ಪುಸ್ತಕ ಮುಚ್ಚಿ ಮಡಿಲಲ್ಲಿಟ್ಟುಕೊಂಡರು.

"ಯಾವ ಕಣ್ಣು?"

"ಎರಡೂ ಅಂತ ಹೇಳಿ ಟೀಚರೇ. ಬಲಗಣ್ಣು ಜಾಸ್ತಿ."

"ಎಷ್ಟು ದಿನದಿಂದ?"

"ಓಣಂಗೆ ಮುಂಚಿಂದ ಅಂತ ಹೇಳಿ. ಪೊರೆ ಬಂದಿದೆಯಂತೆ. ಹೊಲಿಗೆ ಹುಡುಗೀರಿಗೆ ಗೊತ್ತಾದ್ರೆ ಕೆಲಸಕ್ಕೆ ಬರ್ತಾರಾ? ಬೋರ್ಡ್ ಕಾಣಲ್ಲ ಅಂತ ಕ್ಲಾಸಲ್ಲಿ ಹೇಳಿದ್ರೆ ಮೊದ್ಲನೇ ಬೆಂಚಲ್ಲಿ ಕೂರ್ಸ್ತಾರೆ. ಅಲ್ಲಿ ಯಾರಿದಾರೆ ಅಂತ ಟೀಚರಿಗೇ ಗೊತ್ತಲ್ಲ."

ಸೂಜಿ ಹಿಡಿದ ಹುಡುಗಿ, ತನಗೆ ಎಂದೋ ಗೊತ್ತಿತ್ತು ಎನ್ನುವ ಹಾಗೆ ನನ್ನ ಕಡೆ ನೋಡಿ ತಲೆ ತಗ್ಗಿಸಿದಳು.

ಕಾರ್ತ್ಯಾಯನಿ ಚೇಚಿಯ ಮುಖದಲ್ಲಿ ಮೊದಲು ಮರುಕ ಬಂತು. ಅದನ್ನು ನಾನು ಕಣ್ಣಾರೆ ಕಂಡೆ. ಅದರ ಹಿಂದೆಯೇ ಇನ್ನೊಂದು ಲೆಕ್ಕಾಚಾರ ಬಂದು ಮುಖ ಬಿಳಿಚಿಕೊಂಡಿತು.

"ಕಣ್ಣು ಕಾಣ್ದೇನೇ ಹದಿನೇಳು ತಗೊಂಡಳಾ ಇವಳು?" ಎಂದು ನನ್ನನ್ನು ಕೇಳಿದರು. "ಕಂಡಿದ್ರೆ ಎಷ್ಟು ಬರ್ತಿತ್ತು?"

ನಾನು ನಿಜ ಹೇಳಿದೆ. "ಬರೆದಿರೋದ್ರಲ್ಲಿ ಒಂದೂ ತಪ್ಪಿಲ್ಲ ಚೇಚಿ."

"ಹಾಗಾದ್ರೆ ನನ್ನ ಮೂವತ್ತೊಂದಕ್ಕೆ ಬೆಲೆ ಏನು?" ಎದ್ದು ನಿಂತರು. "ಪಂಕೀ, ನಾಳೆ ಬೆಳಿಗ್ಗೆ ಏಳೂವರೆ ಬಸ್ಸು. ತೃಶೂರಿಗೆ. ಕುರುಡಿ ಜೊತೆ ಓಡಿ ಗೆದ್ಲು ಅಂತ ಊರಲ್ಲಿ ಅನ್ನಿಸ್ಕೊಳ್ಳೋಕೆ ನಾನು ತಯಾರಿಲ್ಲ."

"ನನಗೆ ಆಪರೇಷನ್ ಅಂದ್ರೆ ಹೆದರಿಕೆ ಅಂತ ಹೇಳಿ ಟೀಚರೇ."

"ಅವಳಿಗೆ ಹುಟ್ಟಿದಾಗಿಂದ ಹೆದರಿಕೆ, ನಂಗೆ ಗೊತ್ತು. ಕಿವಿ ಚುಚ್ಚೋವಾಗ ಅಕ್ಕಸಾಲಿಗನ ಬೆರಳು ಕಚ್ಚಿದ್ಲು. ನಾನೇ ಹಿಡ್ಕೊಂಡಿದ್ದೆ, ಈಗ್ಲೂ ಹಿಡ್ಕೋತೀನಿ."

ಆಗ ಪಂಕಜಾಕ್ಷಿ ಚೇಚಿ ನನ್ನನ್ನು ನಡುವೆ ಹಾಕಿಕೊಳ್ಳುವುದನ್ನು ಮರೆತರು. "ಅವನು ತಪ್ಪು ಜಾಗದಲ್ಲಿ ಚುಚ್ಚಿದ್ದ ಚೇಚೀ" ಎಂದರು.

ಮೊದಲು ಬಲಗಣ್ಣಿನ ಪೊರೆ ತೆಗೆದರು. ಆಸ್ಪತ್ರೆಯಲ್ಲಿ ಜೊತೆಗಿದ್ದವರು ಕಾರ್ತ್ಯಾಯನಿ ಚೇಚಿ. ಮನೆಗೆ ಬಂದ ಮೇಲೂ ಹೊತ್ತುಹೊತ್ತಿಗೆ ಕಣ್ಣಿಗೆ ಔಷಧಿಯ ಹನಿ ಬಿಡುವುದು, ತಲೆಗೆ ನೀರು ತಾಗದಂತೆ ನೋಡುವುದು, ಪುಸ್ತಕ ಮುಟ್ಟಲು ಬಿಡದೆ ತಾವೇ ಗಟ್ಟಿಯಾಗಿ ಓದಿ ಹೇಳುವುದು, ಎಲ್ಲವೂ ಅವರದೇ. ನಾಲ್ಕನೆಯ ದಿನ ನೋಡಲು ಹೋದೆ. ಕಪ್ಪು ಕನ್ನಡಕ ಹಾಕಿಕೊಂಡು ತಂಗಿ ಮಂಚದ ಮೇಲಿದ್ದರು, ಅಕ್ಕ ಮೊರದಲ್ಲಿ ಅಕ್ಕಿ ಆರಿಸುತ್ತಾ ಪಾಠ ಮಾಡುತ್ತಿದ್ದರು.

"ಮೈ ಸಿಸ್ಟರ್ ಈಸ್ ಮೋರ್ ಲೇಜಿ ದ್ಯಾನ್ ಎ ಬಫೆಲೋ."

"ಲೇಜಿಯರ್" ಎಂದರು ಮಂಚದಿಂದ.

"ಬೈದಿದ್ದಕ್ಕೆ ಕೋಪ ಇಲ್ವಾ?"

"ತಪ್ಪು ಇಂಗ್ಲಿಷಲ್ಲಿ ಬೈದ್ರೆ ನಂಗೆ ತಗಲಲ್ಲ. ಸರಿಯಾಗಿ ಬೈ, ಆಮೇಲೆ ನೋಡೋಣ."

ಕಾರ್ತ್ಯಾಯನಿ ಚೇಚಿ ಸರಿಯಾಗಿ ಬೈದರು. ಪಂಕಜಾಕ್ಷಿ ಚೇಚಿ ತೃಪ್ತಿಯಿಂದ ತಲೆಯಾಡಿಸಿ, ಎಮ್ಮೆಯನ್ನು ಹಿಡಿದುಕೊಂಡೇ ನಾಲ್ಕು ಉತ್ತರ ಕೊಟ್ಟರು. ನನಗೆ ಚಹಾ ಕೊಡುವುದು ಇಬ್ಬರಿಗೂ ನೆನಪಾಗಲಿಲ್ಲ. ನಾನೇ ಅಡುಗೆಮನೆಗೆ ಹೋಗಿ ಮೂರು ಲೋಟ ಮಾಡಿ ತಂದೆ. ಅದರಲ್ಲಿ ಸಕ್ಕರೆ ಕಡಿಮೆ ಎಂದು ಒಬ್ಬರು, ಹೆಚ್ಚು ಎಂದು ಒಬ್ಬರು ಹೇಳಿದರು.

ಆಮೇಲಿನ ಭಾನುವಾರಗಳಲ್ಲಿ ಇಬ್ಬರೂ ಮೊದಲ ಬೆಂಚಿನಲ್ಲಿ ಕೂತರು. ಜಗಳ ಕಡಿಮೆಯಾಯಿತು ಎಂದಲ್ಲ. ಈಗ ನಡುವೆ ಹತ್ತು ಅಡಿ ಜಾಗವೂ ಇಲ್ಲದ್ದರಿಂದ ಪಾಠ ಕೇಳಿಸಲು ನಾನು ದನಿ ಏರಿಸಬೇಕಾಗುತ್ತಿತ್ತು. ದೇವಸ್ಸಿ ಚೇಟ್ಟನ್ ಹಿಂದಿನ ಬೆಂಚಿಗೆ ಹೋದರು. "ಇದಕ್ಕಿಂತ ನನ್ ಹೆಂಡ್ತಿ ಪ್ರಾರ್ಥನೇಲಿ ಶಾಂತಿ ಇತ್ತು" ಎಂದು ಗೊಣಗಿದರು.

ಪರೀಕ್ಷೆಯ ದಿನ ಚಾವಕ್ಕಾಡಿನ ಕೇಂದ್ರದ ಗೇಟಿನ ಹೊರಗೆ ನಿಂತಿದ್ದೆ. ಮೊದಲು ಹೊರಬಂದವರು ದೇವಸ್ಸಿ ಚೇಟ್ಟನ್.

"ಹೋಲಿಕೆ ಬಂದಿತ್ತಾ ಚೇಟ್ಟಾ?"

"ಬಂದಿತ್ತು. ಲೋಹಗಳಲ್ಲೆಲ್ಲ ಕಬ್ಬಿಣ ಉಪಯೋಗ ಜಾಸ್ತಿ, ಅದನ್ನ ಬೇರೆ ಥರ ಬರೀರಿ ಅಂತ. ಮೂವತ್ತು ವರ್ಷ ಅಡುಗೆ ಮಾಡಿದೋನು ನಾನು. ಕಂಚಿನ ಉರುಳಿ ಪಾತ್ರೆ ಮುಂದೆ ಕಬ್ಬಿಣ ಯಾವ ಲೆಕ್ಕ? ಕಂಚು ಅಂತ ಬರ್ದೆ."

"ವಾಕ್ಯ ಬದಲಿಸೋಕೆ ಹೇಳಿದ್ದು ಚೇಟ್ಟಾ, ಅಭಿಪ್ರಾಯ ಅಲ್ಲ."

"ಸುಳ್ಳು ಬರ್ದು ಪಾಸಾಗೋ ವಯಸ್ಸಾ ಟೀಚರೇ ಇದು?"

ಅವರು ಇಂಗ್ಲಿಷಿನಲ್ಲಿ ಎರಡು ಅಂಕ ಸಾಲದೆ ಫೇಲಾದರು. ಹೆಂಡತಿ ಬೇಜಾರು ಮಾಡಿಕೊಂಡರಂತೆ, ಇವರು ಮಾಡಿಕೊಳ್ಳಲಿಲ್ಲ. ಇನ್ನೊಂದು ವರ್ಷದ ಭಾನುವಾರಗಳು ಗಟ್ಟಿಯಾದವಲ್ಲ.

ಅಕ್ಕತಂಗಿಯರು ಇಬ್ಬರೂ ಪಾಸಾದರು. ಇಂಗ್ಲಿಷಿನಲ್ಲಿ ಪಂಕಜಾಕ್ಷಿ ಚೇಚಿಗೆ ಮೂರು ಅಂಕ ಹೆಚ್ಚು, ಒಟ್ಟು ಮೊತ್ತದಲ್ಲಿ ಕಾರ್ತ್ಯಾಯನಿ ಚೇಚಿಗೆ ಐದು ಅಂಕ ಹೆಚ್ಚು. ಫಲಿತಾಂಶ ಬಂದ ಸಂಜೆ ಇಬ್ಬರೂ ಬೇರೆ ಬೇರೆಯಾಗಿ ನನ್ನ ಮನೆಗೆ ಬಂದು, ತಾನೇ ಮುಂದೆ ಎಂದು ಹೇಳಿ, ಒಂದೊಂದು ಡಬ್ಬಿ ಹಲ್ವಾ ಕೊಟ್ಟು ಹೋದರು. ಯಾವುದು ಚೆನ್ನಾಗಿದೆ ಎಂದು ಕೇಳುತ್ತಾರೆಂಬ ಭಯಕ್ಕೆ ನಾನು ಎರಡನ್ನೂ ಒಂದೇ ತಟ್ಟೆಗೆ ಸುರಿದು ಕಲಸಿಟ್ಟೆ.

ಪಂಚಾಯತಿ ಸಭಾಂಗಣದಲ್ಲಿ ಪಾಸಾದವರಿಗೆ ಸನ್ಮಾನ ಇಟ್ಟರು. ಕಾರ್ತ್ಯಾಯನಿ ಚೇಚಿ ಮುಂದಿನ ಸಾಲಿನಲ್ಲಿ ಕೂತಿದ್ದರು, ವಿಶೇಷ ಸನ್ಮಾನ ಒಂದಿದೆ ಎಂಬ ಗುಟ್ಟು ಅವರ ಕಿವಿಗೆ ಬಿದ್ದಿತ್ತು. ಅಧ್ಯಕ್ಷೆ ಮೈಕು ಹಿಡಿದು, "ಈ ಸಲ ನಮ್ಮ ಪಂಚಾಯತಿಯಲ್ಲಿ ಪಾಸಾದವರಲ್ಲಿ ಎಲ್ಲರಿಗಿಂತ" ಎಂದು ಒಂದು ಕ್ಷಣ ನಿಲ್ಲಿಸಿದರು. ಚೇಚಿ ಸೆರಗು ಸರಿಮಾಡಿಕೊಂಡು ಅರ್ಧ ಎದ್ದರು. "ವಯಸ್ಸಾದವರು, ಅರವತ್ತಮೂರರ ಕಾರ್ತ್ಯಾಯನಿಯಮ್ಮ."

ಅರ್ಧ ಎದ್ದವರು ಕೂರುವ ಹಾಗಿರಲಿಲ್ಲ, ಪೂರ್ತಿ ಏಳುವ ಮನಸ್ಸೂ ಇರಲಿಲ್ಲ. ಪಕ್ಕದಲ್ಲಿ ಪಂಕಜಾಕ್ಷಿ ಚೇಚಿ ಹೊಸ ಕನ್ನಡಕ ತೆಗೆದು ಸೆರಗಿನಿಂದ ಕಣ್ಣು ಒರೆಸಿಕೊಳ್ಳುತ್ತಿದ್ದರು. ನಗುತ್ತಿದ್ದದ್ದು ಹೆಗಲಿನ ಕುಲುಕಾಟದಿಂದ ಗೊತ್ತಾಗುತ್ತಿತ್ತು.

"ಹೋಗು ಚೇಚೀ, ಮಾಲೆ ಹಾಕ್ತಾರೆ."

"ಅಮ್ಮ ಶಾಲೇಲಿ ಎರಡು ವರ್ಷ ಜಾಸ್ತಿ ಬರ್ಸಿದ್ಲು" ಎಂದು ಕಾರ್ತ್ಯಾಯನಿ ಚೇಚಿ ನನಗೆ ಹೇಳಿದರು. ವೇದಿಕೆಯ ಮೇಲೆ ಅಧ್ಯಕ್ಷೆಗೂ ಹೇಳಿದರು. ಛಾಯಾಚಿತ್ರ ತೆಗೆಯುವವನಿಗೆ ಎರಡು ಸಲ ಹೇಳಿದರು.

ಎರಡು ದಿನಕ್ಕೆ ಪತ್ರಿಕೆಯ ಸ್ಥಳೀಯ ಪುಟದಲ್ಲಿ ಚಿತ್ರ ಬಂತು. ಕೊರಳಲ್ಲಿ ಮಾಲೆ, ಮುಖದಲ್ಲಿ ಸಿಟ್ಟು, ಕೆಳಗೆ ವಯಸ್ಸಿನ ಸಾಲು. ಕಾರ್ತ್ಯಾಯನಿ ಚೇಚಿ ಐದು ಪತ್ರಿಕೆ ತರಿಸಿ, ಚಿತ್ರವನ್ನಷ್ಟೇ ಉಳಿಸಿ ಕೆಳಗಿನ ಸಾಲನ್ನು ಕತ್ತರಿಯಿಂದ ನೀಟಾಗಿ ತೆಗೆದು ನೆಂಟರಿಗೆಲ್ಲ ಹಂಚಿದರು. ಆರನೆಯ ಪತ್ರಿಕೆ ಪಂಕಜಾಕ್ಷಿ ಚೇಚಿ ಕೊಂಡದ್ದು. ಅದು ಇಂದಿಗೂ ಅವರ ಹೊಲಿಗೆ ಯಂತ್ರದ ಮೇಲಿನ ಗೋಡೆಯಲ್ಲಿದೆ. ವಯಸ್ಸಿನ ಸಾಲಿನ ಕೆಳಗೆ ಕೆಂಪು ದಾರದ ಹೊಲಿಗೆಯಿದೆ. ಆ ಸೂಜಿಗೆ ದಾರ ತಾನೇ ಪೋಣಿಸಿದ್ದು ಎಂದು ಬಂದವರಿಗೆಲ್ಲ ಅವರು ಹೇಳುತ್ತಾರೆ.